ಝೂಲ್‌ರನ್ನರ್ ಮೇಲಿರುವ ಹಳೆಯ ಅಪ್ಲಿಕೇಶನ್ನನ್ನು ಎಲೆಕ್ಟ್ರಾನ್‌ಗೆ ಒಯ್ಯಬೇಕೇ, ಕ್ಯೂಟಿಗೆ ಒಯ್ಯಬೇಕೇ?

ಝೂಲ್‌ರನ್ನರ್ ಎಂದರೆ ಫೈರ್‌ಫಾಕ್ಸ್ ಬ್ರೌಸರಿನ ತಳಹದಿಯ ಮೇಲೆ ಬೇರೆ ಅಪ್ಲಿಕೇಶನ್‌ಗಳನ್ನು ಓಡಿಸಲು ಮೊಜಿಲ್ಲಾದವರು ಕೊಟ್ಟಿದ್ದ, ಈಗ ನಿಂತುಹೋಗಿರುವ ತಂತ್ರಾಂಶ; ಎಲೆಕ್ಟ್ರಾನ್ (ಜಾವಾಸ್ಕ್ರಿಪ್ಟ್‌ನದು) ಮತ್ತು ಕ್ಯೂಟಿ (ಸಿ ಪ್ಲಸ್ ಪ್ಲಸ್‌ನದು) ಅಪ್ಲಿಕೇಶನ್ ಕಟ್ಟುವ ಇಂದಿನ ಫ್ರೇಮ್‌ವರ್ಕ್‌ಗಳು, ಅಂದರೆ ಸಿದ್ಧ ಚೌಕಟ್ಟುಗಳು. ನಾನು ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿಯಲ್ಲಿ ಗ್ರಂಥಾಲಯಗಳಿಗೆಂದು ಇಂಥದೇ ಒಂದು ತಂತ್ರಾಂಶವಿತ್ತು. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಅದು ಓಡಬೇಕಿತ್ತು. ಫೈರ್‌ಫಾಕ್ಸ್‌ನ ಮೆನು, ಟೂಲ್‌ಬಾರ್‌ಗಳನ್ನೆಲ್ಲ ಮೊಜಿಲ್ಲಾದವರೇ ಝೂಲ್ ಎಂಬ ಎಕ್ಸ್‌ಎಂಎಲ್ ಭಾಷೆಯಲ್ಲಿ ಬರೆದಿದ್ದರಿಂದ ನಾವೂ ಅದನ್ನೇ ನೆಚ್ಚಿಕೊಂಡೆವು. ಒಳಗಿನದನ್ನು ಅಡ್ಡಕ್ಕೆ ಜೋಡಿಸುವ ಹೆಚ್‌ಬಾಕ್ಸ್‌ನೊಳಗಿನ, ಮೇಲಿಂದ ಕೆಳಕ್ಕೆ ಜೋಡಿಸುವ ಒಂದು ವಿಬಾಕ್ಸ್‌ಗೆ ಫ್ಲೆಕ್ಸ್ 1 ಎಂದು ಕೊಟ್ಟರೆ ಸಾಕು, ಕಿಟಕಿ ಹಿಗ್ಗಿದಂತೆ ಪುಸ್ತಕಗಳ ಪಟ್ಟಿಯೂ ಹಿಗ್ಗುತ್ತಿತ್ತು; ವೆಬ್‌ಪುಟಗಳ ವಿನ್ಯಾಸಕ್ಕೆ ಇಂದು ಬಳಸುವ ಸಿಎಸ್‌ಎಸ್ ಫ್ಲೆಕ್ಸ್‌ಬಾಕ್ಸ್‌ನ ಬೇರು ಇರುವುದೂ ಅಲ್ಲೇ. ಕಾಟ ಕೊಡುತ್ತಿದ್ದದ್ದು ಪರದೆಯ ಮೇಲಿನ ಪದಗಳ ಅನುವಾದವನ್ನು ಇಡುವ ಡಿಟಿಡಿ ಕಡತಗಳು: ಕನ್ನಡ ಅನುವಾದದಲ್ಲಿ ಒಂದೇ ಒಂದು ಎಂಟಿಟಿ (ಹೆಸರಿಟ್ಟ ಪಠ್ಯದ ತುಣುಕು) ಬಿಟ್ಟುಹೋದರೂ ಕಿಟಕಿಯ ಬದಲು ಹಳದಿ ಹಿನ್ನೆಲೆಯಲ್ಲಿ ಕೆಂಪಕ್ಷರದ ದೋಷಸಂದೇಶ ಬಂದು ಕೂರುತ್ತಿತ್ತು.

ನಮ್ಮನ್ನು ಮುಳುಗಿಸಿದ್ದು ಇದಾವುದೂ ಅಲ್ಲ. ವೇಗವಾಗಿರಲಿ ಎಂದು ದಂಡದ ಲೆಕ್ಕ, ದತ್ತಸಂಚಯದ (ಡೇಟಾಬೇಸ್) ವ್ಯವಹಾರ ಎಲ್ಲವನ್ನೂ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಎಕ್ಸ್‌ಪಿಕಾಮ್ ಕಾಂಪೊನೆಂಟ್ (ಮೊಜಿಲ್ಲಾ ತಂತ್ರಾಂಶಕ್ಕೆ ಹೊಂದಿಸುವ ಬಿಡಿಭಾಗ) ಆಗಿ ಜೋಡಿಸಿದ್ದೆವು. ಅದರ ಅಗತ್ಯವೇ ಇರಲಿಲ್ಲ: ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸನ್ನು ಜಾವಾಸ್ಕ್ರಿಪ್ಟ್‌ನಿಂದಲೇ ಮುಟ್ಟುವ ಸೌಲಭ್ಯ ಫೈರ್‌ಫಾಕ್ಸ್‌ನ ಎಂಜಿನ್ ಆದ ಗೆಕ್ಕೋದಲ್ಲೇ ಇತ್ತು, ದಂಡದ ಲೆಕ್ಕಕ್ಕಂತೂ ವೇಗ ಬೇಕಾಗಿಯೇ ಇರಲಿಲ್ಲ. ಕಾಂಪೊನೆಂಟ್‌ಗಳು ಗೆಕ್ಕೋದೊಡನೆ ಮಾತಾಡುವ ಕೆಲವು ಇಂಟರ್‌ಫೇಸ್‌ಗಳು ‘ಫ್ರೋಜನ್’, ಎಂದೂ ಬದಲಾಗವು ಎಂಬ ಮೊಜಿಲ್ಲಾದ ಭರವಸೆಯೇ ನಮಗೆ ಧೈರ್ಯ ಕೊಟ್ಟಿತ್ತು. 2011ರಲ್ಲಿ ಫೈರ್‌ಫಾಕ್ಸ್ 4ರ ಜೊತೆ ಬಂದ ಗೆಕ್ಕೋ 2ರಲ್ಲಿ ಆ ಭರವಸೆಯನ್ನು ಹಿಂದಕ್ಕೆ ಪಡೆದರು. ಅಲ್ಲಿಂದ ಮುಂದೆ ಪ್ರತಿ ದೊಡ್ಡ ಆವೃತ್ತಿಗೂ ಬೈನರಿ ಕಾಂಪೊನೆಂಟನ್ನು (ಯಂತ್ರಭಾಷೆಗೆ ಇಳಿಸಿದ ಸಿ ಪ್ಲಸ್ ಪ್ಲಸ್ ಭಾಗ) ಮರುಕಂಪೈಲ್ ಮಾಡಲೇಬೇಕಾಯಿತು, ಅದೇ ವರ್ಷ ಆವೃತ್ತಿಗಳೂ ಆರು ವಾರಕ್ಕೊಂದರಂತೆ ಬರತೊಡಗಿದವು. ಎರಡು ಆಪರೇಟಿಂಗ್ ಸಿಸ್ಟಂ, 32 ಮತ್ತು 64 ಬಿಟ್, ಬಿಲ್ಡ್ ನೋಡಿಕೊಳ್ಳಲು ಒಬ್ಬನೇ ಹುಡುಗ. ಕೊನೆಗೆ ಹಳೆಯ ಝೂಲ್‌ರನ್ನರ್‌ಗೇ ಜೋತುಬಿದ್ದೆವು. ಭದ್ರತಾ ತಿದ್ದುಪಡಿಗಳು ನಿಂತುಹೋದವು, ಗಿರಾಕಿಗಳೂ ಜಾರಿದರು.

ಆದ್ದರಿಂದ ಎಲೆಕ್ಟ್ರಾನೋ ಕ್ಯೂಟಿಯೋ ಎಂಬ ನಿಮ್ಮ ಪ್ರಶ್ನೆಯೇ ಅವಸರದ್ದು ಎನ್ನುತ್ತೇನೆ. ಝೂಲ್ ಸತ್ತಿತೆಂದು ಅಳುವವರು ಆಕರಗ್ರಂಥಗಳ ಪಟ್ಟಿ ಇಡುವ ಝೊಟೇರೊ ತಂತ್ರಾಂಶವನ್ನು ನೋಡಲಿ: 2024ರಲ್ಲಿ ಬಂದ ಅದರ ಏಳನೆಯ ಆವೃತ್ತಿಯೂ ಫೈರ್‌ಫಾಕ್ಸ್ 115ರ ತಳಹದಿಯ ಮೇಲೆಯೇ ನಿಂತಿದೆ. ಎಲೆಕ್ಟ್ರಾನ್‌ನಲ್ಲಿಯೂ ನೇಟಿವ್ ಮಾಡ್ಯೂಲ್‌ಗಳನ್ನು (ಸಿ ಪ್ಲಸ್ ಪ್ಲಸ್‌ನಂಥ ಭಾಷೆಯ ಭಾಗಗಳು) ಆವೃತ್ತಿ ಬದಲಾದರೂ ಬದಲಾಗದ ನೋಡ್-ಎಪಿಐ ಎಂಬ ಇಂಟರ್‌ಫೇಸ್ ಮೂಲಕ ಬರೆಯದಿದ್ದರೆ ಅದೇ ಮರುಕಂಪೈಲ್ ಪಾಡು ಕಾದಿರುತ್ತದೆ.

ಮೊದಲು ನಿಮ್ಮ ಅಪ್ಲಿಕೇಶನ್ನಿನ ಕಾಂಪೊನೆಂಟ್ಸ್ ಫೋಲ್ಡರ್ ತೆರೆದು ನೋಡಿ. ಅಲ್ಲಿ ಬರೀ ಜಾವಾಸ್ಕ್ರಿಪ್ಟ್ ಕಡತಗಳಿದ್ದರೆ ಎಲೆಕ್ಟ್ರಾನ್‌ಗೆ ಒಯ್ಯಿರಿ, ಅರ್ಧ ಕೆಲಸ ಆದಂತೆಯೇ. ಡಿಎಲ್‌ಎಲ್ (ವಿಂಡೋಸ್‌ನಲ್ಲಿ) ಅಥವಾ ಎಸ್‌ಓ (ಲಿನಕ್ಸ್‌ನಲ್ಲಿ) ಎಂಬ ಬೈನರಿ ಕಡತಗಳು ಕಂಡರೆ, ಅವುಗಳೊಳಗಿನ ಲೆಕ್ಕಾಚಾರವನ್ನು ಬೇರೆಯೇ ಪ್ರೋಗ್ರಾಮ್ ಆಗಿ ಹೊರಗೆ ತೆಗೆಯುವವರೆಗೆ ಯಾವ ಫ್ರೇಮ್‌ವರ್ಕನ್ನೂ ಮುಟ್ಟಬೇಡಿ.