ಅಂಗಳದ ಮಳೆ, ಅಂಗೈಯ ಮಳೆ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಓದುಗರೊಬ್ಬರ ಪತ್ರ: "ಅಪ್ಪ ದಿನಾ ಬೆಳಗ್ಗೆ ಎಂಟೂವರೆಗೆ ಮಳೆಮಾಪಕದ ಮುಂದೆ ಹಾಜರು. ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಡೈರಿಗೆ ಬರೆದ ಮೇಲೇ ತಿಂಡಿ. ಗಂಟೆ ಗಂಟೆಯ ಮಳೆ ಮೊಬೈಲಲ್ಲೇ ಸಿಗುವಾಗ ಈ ತಗಡಿನ ಡಬ್ಬಿ ಯಾಕೆ ಸಾರ್? ನಿಮ್ಮ ಪತ್ರಿಕೆಯೂ ಡಬ್ಬಿಯ ಪರವೇ ಇದ್ದಂತಿದೆ."

ಇದೆ, ಒಪ್ಪಿಕೊಂಡೆ. ಮೊಬೈಲನ್ನು ಬೈಯುವ ಇರಾದೆಯಂತೂ ಇಲ್ಲ. ನಾಳೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯಬಹುದೇ, ಕಣದಲ್ಲಿ ಹರವಿದ ಕಾಫಿಗೆ ಸಂಜೆ ಟಾರ್ಪಾಲು ಬೇಕೇ ಎಂಬುದಕ್ಕೆ ಅದು ಚೆನ್ನಾಗಿಯೇ ಒದಗುತ್ತದೆ. ಆದರೆ ನಿನ್ನೆ ಬಿದ್ದ ಮಳೆ ಎಂದು ಅದು ತೋರಿಸುವ ಅಂಕಿ ಬಹುಪಾಲು ಹಲವು ಕಿಲೋಮೀಟರ್ ಅಗಲದ ಚೌಕಕ್ಕೆ ಹಾಕಿದ ಅಂದಾಜು. ಮಾರ್ಚಿಯ ಮಳೆ ಗುಡ್ಡದ ಆಚೆ ಸುರಿದು, ಈಚೆ ಬರೀ ತರಗೆಲೆ ಹಾರಿಸಿ ಹೋಗುವುದನ್ನು ನೀವು ಕಾಣದವರೇ?

ಕಾಫಿಯ ಹೂ ಬಿಡಿಸುವ ಹೂಮಳೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ರೋಬಸ್ಟಾ ಕಾಫಿ ಚೆನ್ನಾಗಿ ಹೂ ಬಿಡಲು ಒಂದರಿಂದ ಒಂದೂವರೆ ಇಂಚು ಬೇಕು. ಬಿದ್ದದ್ದು ನಲವತ್ತು ಸೆಂಟ್ ಎಂದರೆ ಮೊಗ್ಗು ಉಬ್ಬುತ್ತದೆ, ಪೂರ್ತಿ ಬಿಚ್ಚುವುದಿಲ್ಲ, ನಸುಗೆಂಪಾಗಿ ಅಲ್ಲೇ ಒಣಗುತ್ತದೆ. ಉಳಿದ ಒಂದಿಂಚು ಹತ್ತು ಸೆಂಟನ್ನು ಸ್ಪ್ರಿಂಕ್ಲರಿನಲ್ಲಿ ತಡಮಾಡದೆ ಕೊಡಬೇಕು. ಎಕರೆಗೆ ಒಂದಿಂಚು ಎಂದರೆ ಸುಮಾರು 1,03,000 ಲೀಟರ್. ಕೆರೆ ತಳ ಕಾಣುವ ಕಾಲದಲ್ಲಿ ಹತ್ತು ಸೆಂಟ್ ತಪ್ಪಿದರೂ ಎಕರೆಗೆ ಹತ್ತು ಸಾವಿರ ಲೀಟರ್ ಹೆಚ್ಚುಕಮ್ಮಿ. ಪಂಪಿನ ಡೀಸೆಲ್ ಲೆಕ್ಕ ನೀವೇ ಹಾಕಿ. ಮಳೆಯಾದ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅದೇ ದಿನ ಬೆಳಗ್ಗೆ ಮತ್ತೆ ಮಳೆ ಬಂದರೆ ರೋಬಸ್ಟಾಕ್ಕೆ ಪೆಟ್ಟು. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು, ನೆನೆದ ಪರಾಗವನ್ನು ಗಾಳಿಯೂ ಒಯ್ಯದು, ಜೇನೂ ಒಯ್ಯದು. ಅರೇಬಿಕಾ ತನ್ನ ಪರಾಗಕ್ಕೇ ಕಾಯಿ ಕಟ್ಟುವುದರಿಂದ ಅಷ್ಟು ಕಂಗೆಡುವುದಿಲ್ಲ. ಆಮೇಲೆ ಎರಡು-ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಕಟ್ಟಿದ ಕಾಯಿಯನ್ನು ನಿಲ್ಲಿಸುವ ಎರಡನೇ ಮಳೆ, ಬೇಕು. ಡಿಸೆಂಬರಿನಲ್ಲಿ ಫಸಲು ಕಡಿಮೆ ಬಂದಾಗ ಗೊಬ್ಬರವನ್ನು ದೂರಬೇಕೋ ಮಾರ್ಚಿಯನ್ನು ದೂರಬೇಕೋ ಎಂಬುದಕ್ಕೆ ಅಪ್ಪನ ಡೈರಿಯ ಆ ಐದಾರು ಪುಟ ಬಿಟ್ಟರೆ ಬೇರೆ ಸಾಕ್ಷಿ ನಿಮ್ಮ ಮನೆಯಲ್ಲಿ ಯಾವುದಿದೆ?

ಡಬ್ಬಿಯೂ ಸುಳ್ಳು ಹೇಳುತ್ತದೆ, ಇಟ್ಟವರು ತಪ್ಪಿದರೆ. ಸಿಲ್ವರ್ ಓಕಿನ ಬುಡದಲ್ಲಿಟ್ಟರೆ ಎಲೆ ಸೋಸಿದ ಮಳೆ, ಸೂರಿನ ಪಕ್ಕ ಇಟ್ಟರೆ ಹೆಂಚಿನ ಮಳೆ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬೇಕು. ತೋಟದೊಳಗೆ ಅಂಥ ಜಾಗ ಸಿಗದು, ಕಣದ ಅಂಚೇ ಸರಿ. ಬಾಯಿ ನೆಲದಿಂದ ಒಂದಡಿ ಎತ್ತರದಲ್ಲಿ, ಮಟ್ಟವಾಗಿ ಇರಲಿ. ಕೊಳ್ಳುವುದು ಬೇಡವೆಂದರೆ 20 ಸೆಂಟಿಮೀಟರ್ ಬಾಯಿಯ ಆಲಿಕೆಯನ್ನು ಕ್ಯಾನಿಗೆ ಕೂರಿಸಿ. ಅದರಲ್ಲಿ 800 ಎಂಎಲ್ ನೀರು ಕೂಡಿದರೆ ಒಂದಿಂಚು, ಎಂಟು ಎಂಎಲ್ ಒಂದು ಸೆಂಟ್. ಆಷಾಢದಲ್ಲಿ ಒಂದೇ ದಿನ ಐದಿಂಚು ಹೊಡೆದರೆ ನಾಲ್ಕು ಲೀಟರ್ ಆಗುತ್ತದೆ, ಆದ್ದರಿಂದ ಕ್ಯಾನು ಐದು ಲೀಟರಿನದೇ ಇರಲಿ. ಉಕ್ಕಿ ಹೋದ ಮಳೆಗೆ ಲೆಕ್ಕವಿಲ್ಲ. ಆಲಿಕೆಯ ಕೊಳವೆಯಲ್ಲಿ ಜೇಡ ಬಲೆ ಕಟ್ಟುತ್ತದೆ, ಮಾವಿನ ಹೂ ಬಿದ್ದು ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಗ್ಗಿ ನೋಡದವರಿಗೇ ಹೂಮಳೆ ಕಡಿಮೆ ಬೀಳುವುದು!

ಈಗ ನನ್ನ ಹಳೆಯ ಸಿಟ್ಟು. ಟೀವಿಯವರು "ಕಾಫಿನಾಡಿನಲ್ಲಿ ಭಾರಿ ಮಳೆ" ಎನ್ನುತ್ತಾರೆ, ಜೊತೆಗೆ ಜಿಲ್ಲಾ ಸರಾಸರಿ. ಶೃಂಗೇರಿಯೂ ಕಡೂರೂ ಒಂದೇ ಜಿಲ್ಲೆ, ಸಕಲೇಶಪುರವೂ ಅರಸೀಕೆರೆಯೂ ಒಂದೇ ಜಿಲ್ಲೆ. ಒಂದು ಕಡೆ ಅಡಿಕೆಗೆ ಕೊಳೆ ರೋಗ, ಇನ್ನೊಂದು ಕಡೆ ರಾಗಿ ಪೈರು ಬಾಡುತ್ತಿರುತ್ತದೆ. ಎರಡನ್ನೂ ಕೂಡಿ ಭಾಗಿಸಿ ಬಂದ ಮಳೆ ಯಾವ ಊರಿನಲ್ಲೂ ಬಿದ್ದದ್ದಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟಕ್ಕೆ ಮಾಪಕ ತಂದಿದೆ, ಒಳ್ಳೆಯದೇ. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆ ಅಂಥ ಅಂಕಿಗಳ ಮೇಲೇ ನಿಂತಿದೆ. ಮಾಪಕ ಇರುವಲ್ಲಿ ಬಿದ್ದದ್ದೇ ಮಳೆ; ನಿಮ್ಮ ತೋಟದಲ್ಲಿ ಉದುರಿದ ಕಾಯಿಗೆ ಅಲ್ಲಿ ಕಾಲಂ ಇಲ್ಲ. ನಿಮ್ಮ ಡೈರಿಯನ್ನು ವಿಮೆಯವರು ಒಪ್ಪುವುದಿಲ್ಲ ಎನ್ನುತ್ತೀರಿ, ನಿಜ. ಆದರೆ ಊರಿನ ಹತ್ತು ಮನೆಯ ಡೈರಿ ಒಂದೇ ಮಾತು ಹೇಳಿದರೆ ಅರ್ಜಿಗೊಂದು ತೂಕ ಬರುತ್ತದೆ. ಆಪಿನ ಸ್ಕ್ರೀನ್‌ಶಾಟ್ ಹಿಡಿದು ಹೋಗಿ ನೋಡಿ!

ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾದದ್ದು 1925ರಲ್ಲಿ. ಅಲ್ಲಿನವರ ಶಿಫಾರಸು ಎಷ್ಟೇ ಚೆನ್ನಾಗಿರಲಿ, ಅದನ್ನು ನಿಮ್ಮ ತೋಟಕ್ಕೆ ಹೊಂದಿಸಲು ನಿಮ್ಮ ತೋಟದ ಮಳೆಯೇ ಬೇಕು.

ಅಪ್ಪನಿಗೆ ವಯಸ್ಸಾಯಿತು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಈ ಭರಣಿಯಿಂದ ಎಂಟೂವರೆಯ ಕೆಲಸ ನೀವು ವಹಿಸಿಕೊಳ್ಳಿ. ಬೇಕಿದ್ದರೆ ಮೊಬೈಲಿನಲ್ಲೇ ಬರೆದಿಡಿ, ನನ್ನ ತಕರಾರಿಲ್ಲ. ಒಂದೇ ಷರತ್ತು: ಮಳೆ ಬಾರದ ದಿನ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಹತ್ತು ವರ್ಷದ ಮೇಲೆ ಲೆಕ್ಕದಲ್ಲಿ ಖಾಲಿ ಜಾಗ ಕಂಡರೆ ಅಂದು ಮಳೆ ಬರಲಿಲ್ಲವೋ, ನೀವು ಏಳಲಿಲ್ಲವೋ ಯಾರಿಗೆ ಗೊತ್ತಾಗಬೇಕು?

— ಸಂ.