ಬಡ ದೇಶಗಳ ಸಣ್ಣ ರೈತರು ಪ್ರಕೃತಿಸ್ನೇಹಿ ಬೇಸಾಯಕ್ಕೆ ಹೊರಳಲು ನಿಜವಾಗಿ ಏನು ನೆರವಾಗುತ್ತದೆ?

ಸಸಿ, ತರಬೇತಿ ಎಲ್ಲಕ್ಕಿಂತ ಮೊದಲು, ಬೆಳೆಸಿದ ಮರ ತನ್ನದೇ ಎಂಬ ಭರವಸೆ ರೈತನಿಗೆ ಬೇಕು. ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಮರಾಡಿ ಪ್ರದೇಶವನ್ನೇ ನೋಡಿ. ಅಲ್ಲಿ ನೆಟ್ಟ ಸಸಿಗಳು ಬಹುಪಾಲು ಒಣಗಿಹೋಗುತ್ತಿದ್ದವು. 1983ರಲ್ಲಿ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನೌಡೊ ಒಂದು ಸಂಗತಿ ಗಮನಿಸಿದರು: ಹೊಲದಲ್ಲಿ ಕುರುಚಲು ಎಂದುಕೊಂಡದ್ದು ಕಡಿದ ಮರಗಳ ಬುಡದ ಚಿಗುರು! ನೆಲದೊಳಗೆ ಬೇರು ಇನ್ನೂ ಜೀವಂತವಾಗಿತ್ತು. ಒಂದೊಂದು ಬುಡದಲ್ಲಿ ಗಟ್ಟಿಯಾದ ಕೆಲವು ಚಿಗುರು ಉಳಿಸಿ, ಮಿಕ್ಕದ್ದನ್ನು ಸವರಿ, ಉಳಿಸಿದವುಗಳ ಕೆಳಗಿನ ಕವಲು ತೆಗೆದರಾಯಿತು. ಒಂದು ಕತ್ತಿ ಸಾಕು; ನರ್ಸರಿ ಬೇಡ, ಗುಂಡಿ ಬೇಡ, ನೀರು ಹೊರುವುದೂ ಬೇಡ.

ಆದರೂ ರೈತರು ತಕ್ಷಣ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಕಾನೂನಿನ ಪ್ರಕಾರ ಮರ ಸರ್ಕಾರದ್ದಾಗಿತ್ತು, ತಮ್ಮ ಹೊಲದ್ದನ್ನೇ ಕಡಿದರೂ ದಂಡ. 1984ರ ಬರದಲ್ಲಿ ಕೂಲಿಗೆ ಕಾಳು ಕೊಡುವ ಯೋಜನೆಗೆ ಈ ಕೆಲಸವನ್ನೂ ಸೇರಿಸಿದ್ದು ಜನರಿಗೆ ಪ್ರಯೋಗ ಮಾಡಿ ನೋಡುವ ಧೈರ್ಯ ಕೊಟ್ಟಿತು. ದಂಡದ ಭಯ ಸಡಿಲವಾದ ಮೇಲೆ ಅವರೇ ಮರ ಕಾಯತೊಡಗಿದರು. ಸುಮಾರು 20 ವರ್ಷಗಳಲ್ಲಿ ಇದು ಅಂದಾಜು 50 ಲಕ್ಷ ಹೆಕ್ಟೇರಿಗೆ ಹಬ್ಬಿತು. ಸೌದೆ, ಮೇವು ಸಿಕ್ಕಿದ್ದು ಸರಿ. ಅದಕ್ಕಿಂತ ದೊಡ್ಡದು, ಗಾಳಿಮರಳಿಗೆ ಸಜ್ಜೆಯ ಮೊಳಕೆ ಮುಚ್ಚಿಹೋಗಿ ಎರಡು ಮೂರು ಸಲ ಬಿತ್ತಬೇಕಾಗಿದ್ದ ಹೊಲಗಳಲ್ಲಿ ಮರಗಳು ಗಾಳಿ ತಡೆದದ್ದರಿಂದ ಒಂದೇ ಬಿತ್ತನೆ ಸಾಕಾಗತೊಡಗಿತು.