ಮುಳ್ಳು ಹಾರಿದರೆ ತಟ್ಟೆಯನ್ನು ಬೈಯಬೇಡಿ

ಪ್ರಶ್ನೆ: ಲಂಡನ್ನಿನಿಂದ ಡಬ್‌ಸ್ಟೆಪ್ ಎಂಬ ನೃತ್ಯಸಂಗೀತದ ಹೊಸ 12 ಇಂಚಿನ ರೆಕಾರ್ಡ್ ತರಿಸಿದೆ. ಬೇಸ್ (ಕೆಳಸ್ವರಗಳು) ಶುರುವಾಗುತ್ತಿದ್ದಂತೆ ಪ್ಲೇಯರಿನ ಮುಳ್ಳು ಹಾರುತ್ತದೆ. ಗೆಳೆಯನ ಮನೆಯಲ್ಲಿ ಅದೇ ತಟ್ಟೆ ಚೆನ್ನಾಗಿ ಓಡಿತು. ಹೆಡ್‌ಶೆಲ್ (ಮುಳ್ಳು ಕೂರುವ ತುದಿ) ಮೇಲೆ ನಾಣ್ಯ ಇಡಲೇ? (ಹುಬ್ಬಳ್ಳಿ)

ಉತ್ತರ: ಖಂಡಿತ ಬೇಡ. ಈಗಿನ ಒಂದು ರೂಪಾಯಿ ನಾಣ್ಯವೇ ಮೂರು ಗ್ರಾಂಗಿಂತ ಹೆಚ್ಚು ತೂಗುತ್ತದೆ. ಡಿಜೆ ಕಾರ್ಟ್ರಿಡ್ಜ್‌ಗೆ (ಮುಳ್ಳಿರುವ ಪುಟ್ಟ ಡಬ್ಬಿಗೆ) ಬೇಕಾದ ಒಟ್ಟು ಭಾರವೇ ಸಾಮಾನ್ಯವಾಗಿ 3–4 ಗ್ರಾಂ. ನಾಣ್ಯ ಇಟ್ಟರೆ ಭಾರ ಇಮ್ಮಡಿಯಾಗಿ ಗೀರೂ ಸವೆಯುತ್ತದೆ, ಮುಳ್ಳೂ ಸವೆಯುತ್ತದೆ.

ಗೆಳೆಯನಲ್ಲಿ ಓಡಿದೆ ಎಂದಮೇಲೆ ನಿಮ್ಮ ಟೋನ್‌ಆರ್ಮ್ (ಮುಳ್ಳನ್ನು ಹಿಡಿದ ಉದ್ದ ಕೈ) ನೋಡಿ. ಆಂಟಿ‑ಸ್ಕೇಟ್ (ಕೈ ಒಳಕ್ಕೆ ಜಾರದಂತೆ ತಡೆಯುವ ಗುಂಡಿ) ಸೊನ್ನೆಗೆ ತನ್ನಿ. ಕೈ ತಕ್ಕಡಿಯ ದಂಡಿಯಂತೆ ಮಟ್ಟವಾಗಿ ತೇಲುವವರೆಗೆ ಹಿಂದಿನ ಕೌಂಟರ್‌ವೇಟ್ (ಸಮತೋಲದ ಭಾರ) ತಿರುಗಿಸಿ. ಈಗ ಭಾರವನ್ನು ಅಲುಗದಂತೆ ಹಿಡಿದು, ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತನ್ನಿ. ಆಮೇಲೆ ಎರಡನ್ನೂ ಒಟ್ಟಿಗೆ, ಕಾರ್ಟ್ರಿಡ್ಜ್ ಪೆಟ್ಟಿಗೆಯ ಮೇಲೆ ಬರೆದಷ್ಟು ತಿರುಗಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಕೊನೆಯಲ್ಲೂ ಬಳೆಯನ್ನಷ್ಟೇ ತಿರುಗಿಸುತ್ತಾರೆ. ಅಂಕಿ 3 ಎನ್ನುತ್ತದೆ, ಮುಳ್ಳಿನ ಮೇಲೆ ಭಾರವೇ ಬಿದ್ದಿರುವುದಿಲ್ಲ.

ಆದರೂ ಹಾರಿದರೆ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಮೇಲೆ ಅನುಮಾನಪಡಿ. ತಟ್ಟೆ ತಿರುಗದಿರುವಾಗ ಮುಳ್ಳನ್ನು ಅದರ ಮೇಲಿಟ್ಟು ವಾಲ್ಯೂಮ್ ನಿಧಾನವಾಗಿ ಏರಿಸಿ. ಗುಂಯ್ ಎಂಬ ಸದ್ದು ತಾನಾಗಿ ಬೆಳೆಯುತ್ತ ಹೋದರೆ ಸ್ಪೀಕರಿನ ನಡುಕ ಮೇಜಿನ ಮೂಲಕ ಮುಳ್ಳಿಗೇ ವಾಪಸು ಬರುತ್ತಿದೆ. ಸಬ್‌ವೂಫರನ್ನು ಮೇಜಿನಿಂದ ದೂರ ಸರಿಸಿ. ಟರ್ನ್‌ಟೇಬಲ್ ಅಡಿಗೆ ಕಡಪ ಕಲ್ಲಿನ ಹಲಗೆ, ಕಲ್ಲಿನಡಿಗೆ ದಪ್ಪ ಸ್ಪಾಂಜ್. ಇಷ್ಟರಲ್ಲೇ ಬಹುಪಾಲು ನಿಲ್ಲುತ್ತದೆ.

ತಟ್ಟೆಯದೇ ತಪ್ಪಿರುವುದೂ ಉಂಟು. ಎಡಬಲ ಸ್ಪೀಕರ್ ಎರಡರಲ್ಲೂ ಒಂದೇ ಆಗಿರುವ ಬೇಸ್ ಗೀರಿನಲ್ಲಿ ಅಡ್ಡಡ್ಡ ಓಲಾಡುತ್ತದೆ, ಮುಳ್ಳು ಅದನ್ನು ಹಿಂಬಾಲಿಸಬಲ್ಲದು. ಎಡಬಲಗಳು ಒಂದಕ್ಕೊಂದು ಎದುರಾದರೆ ಗೀರು ಮೇಲೆ ಕೆಳಗೆ ಏರಿಳಿಯುತ್ತದೆ, ಆಳ ಕಡಿಮೆಯಾದ ಕಡೆ ಮುಳ್ಳು ಹೊರಗೆ ಎಗರುತ್ತದೆ. ಅದಕ್ಕೇ ಒಳ್ಳೆಯ ಕಟಿಂಗ್ ಎಂಜಿನಿಯರ್ ಕೆಳಸ್ವರಗಳನ್ನು ಮೊನೊ (ಎಡಬಲ ಒಂದೇ) ಮಾಡಿಯೇ ಕೊರೆಯುತ್ತಾರೆ.

ಪ್ರಶ್ನೆ: ಬೆಲೆ ಒಂದೇ. ಒಂದರಲ್ಲಿ ಪಕ್ಕಕ್ಕೊಂದೇ ಹಾಡು, 45 ವೇಗ (ನಿಮಿಷಕ್ಕೆ 45 ಸುತ್ತು). ಇನ್ನೊಂದರಲ್ಲಿ ಪಕ್ಕಕ್ಕೆ ಮೂರು, 33. ಹೆಚ್ಚು ಹಾಡಿರುವುದೇ ಲಾಭವಲ್ಲವೇ? (ಮೈಸೂರು)

ಉತ್ತರ: ಮನೆಯಲ್ಲಿ ಕೇಳಲು ಲಾಭವೇ. ದೊಡ್ಡ ಸ್ಪೀಕರಿನಲ್ಲಿ ನುಡಿಸುವುದಾದರೆ ಮೊದಲನೆಯದನ್ನೇ ಕೊಳ್ಳಿ. ಜೋರು ಬೇಸ್‌ನ ಗೀರು ಅಗಲವಾಗಿ ಓಲಾಡುತ್ತದೆ, ಪಕ್ಕದ ಗೀರಿಗೆ ತಾಗದಿರಲು ಜಾಗ ಬೇಕು. ಪಕ್ಕಕ್ಕೆ ಹದಿನೆಂಟು ನಿಮಿಷ ತುರುಕಬೇಕಾದರೆ ಎಂಜಿನಿಯರಿಗೆ ಸದ್ದು ತಗ್ಗಿಸದೆ ಗತಿಯಿಲ್ಲ.

ವೇಗದ ಲೆಕ್ಕವೂ ಇದೆ. 33ರಲ್ಲಿ ಹೊರ ಅಂಚಿನ ಗೀರು ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡಿದರೆ, ನಡುವಿನ ಲೇಬಲ್ ಕಾಗದದ ಹತ್ತಿರ ಅದು 21ಕ್ಕೆ ಇಳಿಯುತ್ತದೆ. ಮೂರನೆಯ ಹಾಡಿನ ಹೈ‑ಹ್ಯಾಟ್ (ಡ್ರಮ್‌ನ ಜೋಡಿ ತಾಳ) 'ಸ್‌ಸ್' ಎಂದು ಒಡೆಯುವುದು ಈ ಕಾರಣಕ್ಕೆ. 45ರಲ್ಲಿ ಅದೇ ಒಳಜಾಗದಲ್ಲಿ 28 ಸಿಗುತ್ತದೆ.

ಪ್ರಶ್ನೆ: ಬಿಳಿ ಲೇಬಲ್‌ನ ಹೌಸ್ ನೃತ್ಯಸಂಗೀತದ ತಟ್ಟೆ, ಮೇಲೆ ರಬ್ಬರ್ ಮೊಹರು ಮಾತ್ರ. ವೇಗ ತಿಳಿಯುವುದು ಹೇಗೆ? (ಮಂಗಳೂರು)

ಉತ್ತರ: 33ಕ್ಕೆ ಹಾಕಿ ಹದಿನೈದು ಸೆಕೆಂಡು ಕಿಕ್ (ಡ್ರಮ್‌ನ ದಪ್ಪ ಬಡಿತ) ಎಣಿಸಿ. ಮೂವತ್ತು–ಮೂವತ್ತೆರಡು (ಹೌಸ್‌ನ ಸಾಮಾನ್ಯ ಗತಿ) ಬಂದರೆ ವೇಗ ಸರಿ. ಇಪ್ಪತ್ಮೂರರ ಆಸುಪಾಸು ಬಂದರೆ ಅದು 45ರದ್ದು.

ಪ್ರಶ್ನೆ: ಹೊಸದಾಗಿ ಬಂದವನ್ನು ಎಲ್ಲಿ ಹುಡುಕಲಿ? ಅಂಚೆಯಲ್ಲಿ ಕವರ್ ಹರಿದು ಬರುತ್ತದೆ. (ಬೆಂಗಳೂರು)

ಉತ್ತರ: ಬರ್ಲಿನ್ನಿನ ಹಾರ್ಡ್ ವ್ಯಾಕ್ಸ್ (1989ರಿಂದ), ಆಮ್‌ಸ್ಟರ್‌ಡ್ಯಾಮಿನ ರಶ್ ಅವರ್, ಲಂಡನ್ನಿನ ಫೋನಿಕಾ ಅಂಗಡಿಗಳಲ್ಲಿ. ಹಾರ್ಡ್ ವ್ಯಾಕ್ಸ್ ಪ್ರತಿ ತಟ್ಟೆಗೂ ಬರೆಯುವ ಒಂದು ಸಾಲು, ಲೇಬಲ್‌ಗಳ (ತಟ್ಟೆ ಹೊರತರುವ ಸಂಸ್ಥೆಗಳ) ಉದ್ದುದ್ದ ಹೊಗಳಿಕೆಗಿಂತ ನಂಬಿಕಸ್ತ. ಇಂಥ ತಟ್ಟೆಗಳು ಎಷ್ಟೋ ಸಲ ಕೆಲವೇ ನೂರು ಪ್ರತಿ ಅಚ್ಚಾಗುತ್ತವೆ. ಮುಗಿದವೆಂದು ಮರುಮಾರಾಟದವರಿಗೆ ಮೂರು ಪಟ್ಟು ತೆರುವ ಮುನ್ನ ಮರುಅಚ್ಚು ಬರುತ್ತದೆಯೇ ಎಂದು ಲೇಬಲ್‌ಗೇ ಕೇಳಿ. ಆರ್ಡರ್ ಮಾಡುವಾಗ, ತಟ್ಟೆಯನ್ನು ಒಳಚೀಲ ಸಮೇತ ಹೊರಕವರಿನಿಂದ ತೆಗೆದು ಅದರ ಹಿಂದೆ ಇಟ್ಟು ಕಳಿಸಿ ಎಂದು ಬರೆಯಿರಿ. ದಾರಿಯಲ್ಲಿ ಕುಲುಕಾಡುವ ತಟ್ಟೆಯ ಅಂಚೇ ಕವರಿನ ಹೊಲಿಗೆ ಬಿಚ್ಚುವುದು.